ನಂಬರ್ ಬರುವ ತನಕ

ಪ್ರಶ್ನೆ ಕೇಳಿ, ಉತ್ತರ ಬಾಯಿಂದ ಹೊರಬೀಳುವ ಮೊದಲೇ ಮುಂದಿನ ಪ್ರಶ್ನೆಗೆ ಹೋಗುವವರನ್ನು ನೀವೂ ಕಂಡಿರುತ್ತೀರಿ. ಮದುವೆ ಮನೆಗಳಲ್ಲಿ ಧಾರಾಳವಾಗಿ ಸಿಗುತ್ತಾರೆ. ಆರಾಮಾ, ಮಕ್ಕಳೆಷ್ಟು, ಊಟ ಆತಾ ಎಂದು ಒಂದೇ ಉಸಿರಿನಲ್ಲಿ ಕೇಳುತ್ತ, ನಿಮ್ಮ ಹೆಗಲ ಮೇಲಿಂದ ಇನ್ನೊಬ್ಬರನ್ನು ನೋಡುತ್ತ, ಹೊರಟೇ ಹೋಗಿರುತ್ತಾರೆ. ಅಂಥವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಸ್ವಭಾವ, ಹೋಗಲಿ ಬಿಡು ಎನ್ನುತ್ತೇವೆ. ಆದರೆ ಅದೇ ಸ್ವಭಾವ ಒಂದು ಯಂತ್ರಕ್ಕೆ ಅಂಟಿಕೊಂಡು, ಆ ಯಂತ್ರದ ಕೈಯಲ್ಲಿ ಒಬ್ಬ ಮನುಷ್ಯನ ಉಸಿರು ಸಿಕ್ಕಿದರೆ ಏನು ಗತಿ? ಕಸ್ತೂರಿಯ ಹಣೆಯಲ್ಲಿ ಅದೇ ಬರೆದಿತ್ತು.

ಕಸ್ತೂರಿಯ ಗಂಡ ವಿರೂಪಾಕ್ಷ ಗದಗಿನ ಕಡೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ತರನಾಗಿದ್ದ. ದೀಪಾವಳಿಯ ಹೊತ್ತಿಗೆ ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಕಟ್ಟಿಕೊಂಡಿತು. ಅಂದಿನಿಂದ ಅವನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಉಸಿರು ಹಾಕುವ ಯಂತ್ರಕ್ಕೆ ಕೊರಳೊಡ್ಡಿ ಮಲಗಿದ್ದ. ಕೈ ಇಲ್ಲ, ಕಾಲಿಲ್ಲ, ಮಾತಿಲ್ಲ, ಕಣ್ಣಿನ ರೆಪ್ಪೆ ಕೂಡ ಅವನ ಮಾತು ಕೇಳುತ್ತಿರಲಿಲ್ಲ.

ಇಂಥವರಿಗಾಗಿ ಆ ಕಾಲದಲ್ಲಿ 'ಒಳದನಿ' ಬಂದಿತ್ತು. ತಲೆಗೆ ತಂತಿಗಳ ಟೊಪ್ಪಿಗೆ ಹಾಕಿದರೆ, ರೋಗಿ ಮನಸ್ಸಿನಲ್ಲೇ ಆಡಿಕೊಂಡ ಮಾತು ಅಕ್ಷರ ಅಕ್ಷರವಾಗಿ ಕೂಡಿಕೊಂಡು ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತಿತ್ತು. ಜನ ದೇವರೇ ಇಳಿದು ಬಂದ ಹಾಗೆ ಕೈಮುಗಿದರು. ಆಮೇಲೆ ಅದರ ಹಿಂದೆಯೇ ಕಾನೂನು ಬಂತು. ಟೊಪ್ಪಿಗೆ ಹಾಕಿದ ಮೇಲೂ ಮಾತು ಮೂಡದವರ ಒಳಗೆ ಅರಿವೇ ಇಲ್ಲವೆಂದು ತಿಳಿಯಬೇಕು, ಅವರ ಉಸಿರುಯಂತ್ರವನ್ನು ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ ಕೊಡಬೇಕು. ಒಬ್ಬೊಬ್ಬರಿಗೂ ಮೂರು ಪರೀಕ್ಷೆ. ಪ್ರಶ್ನೆಗಳನ್ನು ಮನುಷ್ಯರು ಕೇಳುವ ಹಾಗಿಲ್ಲ. ಮನೆಯವರು ಕೇಳಿದರೆ ದನಿಯಲ್ಲೇ ಉತ್ತರ ಕೊಟ್ಟುಬಿಡುತ್ತಾರೆ ಎಂಬ ಅನುಮಾನ. ಅದಕ್ಕೆ 'ಪರೀಕ್ಷಕ' ಎಂಬ ಸ್ವಯಂಚಾಲಿತ ಪ್ರೋಗ್ರಾಮೇ ರೋಗಿಯ ಕಿವಿಯಲ್ಲಿ ಪ್ರಶ್ನೆ ಕೇಳಿ, ಪರದೆಯ ಮೇಲಿನ ಉತ್ತರ ಓದಿ, ಸರಿ ತಪ್ಪು ಹಾಕುತ್ತಿತ್ತು.

ವಿರೂಪಾಕ್ಷನ ಎರಡು ಪರೀಕ್ಷೆ ಮುಗಿದಿದ್ದವು. ಎರಡರಲ್ಲೂ ಅರ್ಧ ಸರಿ, ಅರ್ಧ ತಪ್ಪು. ಹೌದು ಅಥವಾ ಅಲ್ಲ ಎನ್ನುವ ಪ್ರಶ್ನೆಗೆ ಅರ್ಧ ಸರಿ ಎಂದರೆ ನಾಣ್ಯ ಚಿಮ್ಮಿದ ಹಾಗೆ, ಒಳಗೆ ಯಾರೂ ಇಲ್ಲ ಎಂದೇ ಅರ್ಥ ಎಂದು ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಮುಧೋಳಮಠ ಮೆತ್ತಗೆ ತಿಳಿಸಿ ಹೇಳಿದರು. ನಾಳೆ ಮಧ್ಯಾಹ್ನ ಕೊನೆಯ ಪರೀಕ್ಷೆ. ಮನೆಯವರನ್ನು ಕರೆಸಿಕೊಳ್ಳುವುದಿದ್ದರೆ ಕರೆಸಿಕೊಳ್ಳಿ ಎಂದೂ ಹೇಳಿದರು. ಆ ಮಾತಿನ ಅರ್ಥ ತಿಳಿಯದಷ್ಟು ಕಸ್ತೂರಿ ಎಳೆಮಗುವೇನಲ್ಲ.

ವಿಧಿಯ ಕುಚೋದ್ಯ ನೋಡಿ, ಆ ಪರೀಕ್ಷಕವನ್ನು ಮಾಡಿದ್ದು ಕಸ್ತೂರಿ ಕೆಲಸ ಮಾಡುವ ಕಂಪನಿಯೇ. ಪ್ರೋಗ್ರಾಮುಗಳನ್ನು ಓಡಿಸಿ ನೋಡಿ ತಪ್ಪು ಹುಡುಕುವುದು ಅಲ್ಲಿ ಅವಳ ಕೆಲಸ.

ಆಸ್ಪತ್ರೆಯಿಂದ ಅವಳು ಸೀದಾ ಆಫೀಸಿಗೆ ಬಂದು, ತನ್ನ ಮೇಲಿನವನಾದ ನಾಡಗೇರನ ಎದುರಿಗೆ ನಿಂತಳು. ಎರಡೂ ಪರೀಕ್ಷೆಯ ಪರದೆಯ ಚಿತ್ರೀಕರಣ ತನಗೆ ಬೇಕು ಎಂದಳು. ನಾಡಗೇರ ಕೆಟ್ಟವನಲ್ಲ. ಎಲ್ಲದಕ್ಕೂ ಅವನ ಬಳಿ ಒಂದೇ ಮದ್ದು, ಅಷ್ಟೆ: ಮತ್ತೊಮ್ಮೆ ಓಡಿಸಿ. ಆ ಆಫೀಸಿನ ರೂಢಿಯೇ ಹಾಗೆ. ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವ ಪರೀಕ್ಷೆ ಕಂಡರೆ ಯಾಕೆ ಎಂದು ಯಾರೂ ಕೆದಕುತ್ತಿರಲಿಲ್ಲ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದಿಷ್ಟು ಹೆಚ್ಚು ಕಾಯಲು ಹೇಳಿ, ಪಾಸಿನ ಹಸಿರು ಬರುವ ತನಕ ಓಡಿಸುವುದು. ಪಟ್ಟಿಯ ಸಾಲುಗಳೆಲ್ಲ ಹಸಿರಾದ ದಿನ ನಾಡಗೇರ ಎಲ್ಲರಿಗೂ ಮಂಡಕ್ಕಿಯ ಗಿರಮಿಟ್ ತರಿಸುತ್ತಿದ್ದ.

ಕಸ್ತೂರಿ ಚಿತ್ರೀಕರಣವನ್ನು ನಿಧಾನವಾಗಿ ಓಡಿಸಿ ನೋಡಿದಳು. ಪರದೆಯ ಮೇಲ್ಗಡೆ ಪ್ರಶ್ನೆ, ಕೆಳಗೆ ಉತ್ತರದ ಚೌಕ. ನಿಮ್ಮ ಹೆಸರು ವಿರೂಪಾಕ್ಷವೇ? ಚೌಕ ಖಾಲಿ. ಪರೀಕ್ಷಕ ಗೊತ್ತುಮಾಡಿದಷ್ಟು ಹೊತ್ತು ಕಾದು, ತಪ್ಪು ಹಾಕಿ, ಮುಂದಿನದಕ್ಕೆ ಹೋಯಿತು. ನೀವು ಹುಟ್ಟಿದ್ದು ಮೈಸೂರಿನಲ್ಲೇ? ಆಗ ಚೌಕದಲ್ಲಿ ಬಂತು: ಹೌದು. ವಿರೂಪಾಕ್ಷ ಹುಟ್ಟಿದ್ದು ಗದಗಿನಲ್ಲಿ. ತಪ್ಪು. ಬೆಂಕಿ ಸುಡುತ್ತದೆಯೇ? ಅಲ್ಲ. ತಪ್ಪು.

ಅಲ್ಲ ಎಂದದ್ದು ಬೆಂಕಿಗಲ್ಲ, ಮೈಸೂರಿಗೆ. ಹೌದು ಎಂದದ್ದು ತನ್ನ ಹೆಸರಿಗೆ. ಎಲ್ಲ ಉತ್ತರವೂ ಸರಿಯಾಗಿತ್ತು, ಪ್ರತಿಯೊಂದೂ ಒಂದು ಪ್ರಶ್ನೆಯಷ್ಟು ತಡವಾಗಿತ್ತು ಅಷ್ಟೆ. ಪರದೆ ಬದಲಾಗುವ ಮೊದಲೇ ಯಂತ್ರ ಅದನ್ನು ಓದಿ ಮುಗಿಸುತ್ತಿತ್ತು. ಅವನು ಒಳಗಿದ್ದ. ಇಷ್ಟು ತಿಂಗಳೂ ಒಳಗೇ ಇದ್ದು, ಕೇಳಿದ್ದಕ್ಕೆಲ್ಲ ಸರಿಯಾದ ಉತ್ತರ ಕೊಡುತ್ತಲೇ ಇದ್ದ. ಕಸ್ತೂರಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ನಾಡಗೇರ ಬಂದು ನೋಡಿದ. ಕಾಯುವ ಹೊತ್ತನ್ನು ಹೆಚ್ಚಿಸಲು ಸರಕಾರ ಬಿಟ್ಟಷ್ಟೂ ಹೆಚ್ಚಿಸಿಯೇ ಆಗಿದೆ, ಅದಕ್ಕಿಂತ ಮೇಲೆ ಹೋಗಲು ಬರುವುದಿಲ್ಲ ಎಂದ. ಹೆಚ್ಚಿಸಿದ್ದರೂ ಉಪಯೋಗವಿರಲಿಲ್ಲ. ವಿರೂಪಾಕ್ಷನ ಉತ್ತರ ಒಮ್ಮೆ ಬೇಗ ಬರುತ್ತಿತ್ತು, ಒಮ್ಮೆ ಬಾವಿಯ ತಳದಿಂದ ಕೊಡ ಎಳೆದ ಹಾಗೆ ಬರುತ್ತಿತ್ತು. ಕಾಯುವುದಕ್ಕೆ ಇನ್ನೆರಡು ದಾರಿಗಳಿಗೆ ಸರಕಾರದ ಒಪ್ಪಿಗೆ ಇತ್ತು: ಪರದೆ ಪೂರ್ತಿ ಸ್ತಬ್ಧವಾಗುವ ತನಕ ಕಾಯುವುದು, ಇಲ್ಲವೇ ನಾವು ಹೇಳಿದ ಗುರುತೊಂದು ಪರದೆಯ ಮೇಲೆ ಮೂಡುವ ತನಕ ಕಾಯುವುದು. ಮಲಗಿದ ಮನುಷ್ಯ ತನ್ನ ಮಾತು ಮುಗಿಸಿದ ಎಂಬುದಕ್ಕೆ ಗುರುತೇನೆಂದು ಯಾರಿಗೆ ಗೊತ್ತು? ಹಾಗಾಗಿ ಮೊದಲನೆಯದನ್ನೇ ಹಿಡಿದರು. ಆಫೀಸಿನಲ್ಲಿ ಓಡಿಸಿ ನೋಡಲೆಂದು ಕಂಪ್ಯೂಟರಿನಲ್ಲೇ ಮಾಡಿಟ್ಟ ನಕಲಿ ರೋಗಿಯ ಮೇಲೆ ಓಡಿಸಿದಾಗ ಸೊಗಸಾಗಿ ಕೆಲಸ ಮಾಡಿತು. ಸಾಲು ಸಾಲು ಹಸಿರು.

ಹೊರಡುವಾಗ ಕಸ್ತೂರಿ ಬಾಗಿಲಲ್ಲಿ ತಿರುಗಿ ನಿಂತಳು. "ಸರ್, ಇವರ ಹಂಗ ತಡಾ ಮಾಡಿ ಉತ್ತರಾ ಕೊಡೋರು ಆ ವಾರ್ಡಿನ್ಯಾಗ ಮೊದಲೂ ಇದ್ದಿರಬೇಕಲ್ಲ?"

ನಾಡಗೇರ ಕನ್ನಡಕ ತೆಗೆದು ಒರೆಸುತ್ತ ಕುಳಿತ. ಆ ದಿನ ಅವನು ಗಿರಮಿಟ್ ತರಿಸಲಿಲ್ಲ.

ಮನೆಯಲ್ಲಿ ವಿರೂಪಾಕ್ಷನ ಅಕ್ಕ ಗೌರಕ್ಕ ಒಲೆಯ ಮುಂದಿದ್ದಳು. ತಮ್ಮ ಮಲಗಿದಾಗಿನಿಂದ ಅವಳು ಬಂದು ಇಲ್ಲೇ ನಿಂತಿದ್ದಳು. ಕಸ್ತೂರಿ ಎಲ್ಲವನ್ನೂ ಹೇಳಿದಳು. ಯಂತ್ರ ಕಾಯದೇ ಹೋದ ಕತೆಯನ್ನು ಗೌರಕ್ಕ ಸೌಟು ಹಿಡಿದುಕೊಂಡೇ ಕೇಳಿ, ಅನ್ನದ ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ ನೋಡಿದಳು.

"ಅನ್ನ ಬೆಂದೈತೋ ಇಲ್ಲೋ ಅಂತ ಗಡಿಯಾರ ನೋಡಿ ಯಾರರ ಹೇಳ್ತಾರೇನ ಕಸ್ತೂರಿ? ಹಿಚುಕಿ ನೋಡಬೇಕು," ಎಂದಳು. "ನಿಮಗ ಇಷ್ಟು ಸಾಲಿ ಕಲಿಸಿದವರು ಇದನ್ನ ಕಲಿಸಲಿಲ್ಲಾ?"

ಬೈದಳೋ ಸಮಾಧಾನ ಹೇಳಿದಳೋ ತಿಳಿಯಲಿಲ್ಲ. ಆದರೆ ಅಂದು ಇಬ್ಬರೂ ಹೊಟ್ಟೆ ತುಂಬ ಉಂಡರು. ಉಣ್ಣುತ್ತ ಗೌರಕ್ಕ ತಮ್ಮನ ಹುಚ್ಚಾಟಗಳನ್ನು ನೆನೆಸಿಕೊಂಡು ನಕ್ಕಳು. ಅವನ ನಂಬರಿನ ಹುಚ್ಚು ಬಂಧುಬಳಗಕ್ಕೆಲ್ಲ ಗೊತ್ತಿದ್ದದ್ದೇ.

ರೈಲ್ವೆಯಲ್ಲಿ ಒಂದು ಪದ್ಧತಿ ಇದೆ. ಸಿಗ್ನಲ್ ಕೈಕೊಟ್ಟಾಗ, ಒಂದು ಸ್ಟೇಷನ್ನಿನಿಂದ ಮುಂದಿನದಕ್ಕೆ ಗಾಡಿ ಬಿಡಬೇಕಾದರೆ, ಆ ಕಡೆಯ ಮಾಸ್ತರ ಫೋನಿನಲ್ಲಿ 'ಲೈನ್ ಕ್ಲಿಯರ್' ಎಂದರೆ ಸಾಲದು. ಜೊತೆಗೆ ಎರಡಂಕಿಯ ಪ್ರೈವೇಟ್ ನಂಬರ್ ಒಂದನ್ನು ಕೊಡಬೇಕು. ಈ ಕಡೆಯವನು ಅದನ್ನು ತಿರುಗಿ ಹೇಳಬೇಕು. ಅಲ್ಲಿಯ ತನಕ ಆ ಮಾತು ಮಾತೇ ಅಲ್ಲ, ಗಾಡಿ ಕದಲುವ ಹಾಗಿಲ್ಲ. ವಿರೂಪಾಕ್ಷ ಈ ಪದ್ಧತಿಯನ್ನು ಮನೆಗೂ ತಂದಿದ್ದ. ಬರುವಾಗ ಹಾಲು ತರುತ್ತೇನೆ, ನಂಬರ್ ಮೂವತ್ತಾರು ಎನ್ನುವನು. ಕಸ್ತೂರಿ ಮೂವತ್ತಾರು ಎನ್ನುವ ತನಕ ಅವನು ಫೋನ್ ಇಡುತ್ತಿರಲಿಲ್ಲ. ಒಮ್ಮೆ ಜಗಳದ ಸಿಟ್ಟಿನಲ್ಲಿ ಅವಳು ಬಾಯಿ ಬಿಗಿಹಿಡಿದಾಗ, ಗೂಡ್ಸ್ ಗಾಡಿ ಬರುವ ತನಕ ಫೋನ್ ಹಿಡಿದೇ ಕುಳಿತು, ಗಳಿಗೆಗೊಮ್ಮೆ ಅದೇ ನಂಬರ್ ಹೇಳುತ್ತಿದ್ದ. ಎಂಥಾ ಹಟಮಾರಿ ಗಂಡಸು ಎಂದು ಅವಳು ಅಳುತ್ತಲೇ ನಕ್ಕಿದ್ದಳು.

ಆದರೆ ಎಪ್ಪತ್ಮೂರನ್ನು ಮಾತ್ರ ಅವನು ಒಮ್ಮೆ ಹೇಳಿದ ಮೇಲೆ ಮತ್ತೆಂದೂ ಹೇಳುತ್ತಿರಲಿಲ್ಲ. ಅದು ಕನ್ಯೆ ನೋಡಿ ಹೋದ ಮೇಲೆ ಕೊಟ್ಟ ನಂಬರ್. ಕಸ್ತೂರಿಯ ಅಪ್ಪ ಫೋನ್ ಮಾಡಿ ಏನು ವಿಚಾರ ಮಾಡಿದಿರಿ ಎಂದು ಕೇಳಿದಾಗ, ಒಪ್ಪಿಗೆ, ಪ್ರೈವೇಟ್ ನಂಬರ್ ಎಪ್ಪತ್ಮೂರು ಎಂದಿದ್ದ. ಅಪ್ಪ ಕಕ್ಕಾಬಿಕ್ಕಿಯಾಗಿ ಮಗಳ ಮುಖ ನೋಡಿದರೆ, ಅವಳು ನಾಚಿಕೊಂಡು ಫೋನಿನ ಹತ್ತಿರ ಬಂದು ಎಪ್ಪತ್ಮೂರು ಎಂದಿದ್ದಳು. ಅವರಿಬ್ಬರ ಮೊದಲ ಮಾತುಕತೆ ಅಷ್ಟೇ. ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡಬಾರದು, ಅದು ಖರ್ಚಾಗಿ ಹೋಗಿದೆ ಎಂದು ಆಮೇಲೆ ಅವನು ಹೇಳುತ್ತಿದ್ದ.

ಮರುದಿನ ಮಧ್ಯಾಹ್ನ ವಾರ್ಡಿನ ಗಾಜಿನ ಕೋಣೆಯಲ್ಲಿ ಡಾಕ್ಟರ್ ಮುಧೋಳಮಠ, ನಾಡಗೇರ, ಕಸ್ತೂರಿ, ಗೌರಕ್ಕ ಕುಳಿತರು. ಗಾಜಿನ ಆಚೆ ವಿರೂಪಾಕ್ಷ. ತಲೆಗೆ ಟೊಪ್ಪಿಗೆ, ಕಿವಿಗೆ ಹೆಡ್‌ಫೋನ್. ಪರೀಕ್ಷಕ ಶುರುವಾಯಿತು. ನಿಮ್ಮ ಹೆಸರು ವಿರೂಪಾಕ್ಷವೇ?

ಕಾದರು. ಸ್ವಲ್ಪ ಹೊತ್ತಿಗೆ ಚೌಕದಲ್ಲಿ ಮೂಡಿತು: ಹೌದು. ಗೌರಕ್ಕ ಕಸ್ತೂರಿಯ ಮೊಣಕೈ ಹಿಡಿದಳು. ಇನ್ನು ಮುಂದಿನ ಪ್ರಶ್ನೆ ಬರಬೇಕು. ಬರಲಿಲ್ಲ. ಮತ್ತೂ ಕಾದರು. ಪರೀಕ್ಷಕ ಗರ ಬಡಿದ ಹಾಗೆ ನಿಂತುಬಿಟ್ಟಿತ್ತು.

ಕಸ್ತೂರಿಗೆ ಕಾರಣ ಹೊಳೆಯಿತು. ಪರದೆಯ ಮೂಲೆಯಲ್ಲಿ ನಾಡಿಯ ಗೆರೆ ಓಡುತ್ತಿತ್ತು. ನಕಲಿ ರೋಗಿಗೆ ನಾಡಿಯಿರಲಿಲ್ಲ, ಅದಕ್ಕೇ ಆಫೀಸಿನಲ್ಲಿ ಎಲ್ಲ ಹಸಿರಾಗಿತ್ತು. ಇಲ್ಲಿ ಪರದೆ ಸ್ತಬ್ಧವಾಗಬೇಕಾದರೆ ಆ ಗೆರೆ ನಿಲ್ಲಬೇಕು. ಅಂದರೆ ಅವನು ಸಾಯಬೇಕು. ಎರಡನೆಯ ಪ್ರಶ್ನೆ ಕೇಳಲು ಅವರ ಪ್ರೋಗ್ರಾಮು ಅವನ ಸಾವಿಗಾಗಿ ಕಾಯುತ್ತ ಕುಳಿತಿತ್ತು.

ನಾಡಿಯ ಗೆರೆಯನ್ನು ಪರದೆಯಿಂದ ತೆಗೆಯಬಹುದೇ ಎಂದು ನಾಡಗೇರ ಕೇಳಿದ. ಉಸಿರುಯಂತ್ರದ ಮೇಲಿರುವವರಿಗೆ ಅದನ್ನು ತೆಗೆಯುವಂತಿಲ್ಲ ಎಂದರು ಡಾಕ್ಟರ್. ಅರ್ಧಕ್ಕೆ ನಿಂತ ಪರೀಕ್ಷೆಯನ್ನೂ ಫೇಲ್ ಎಂದೇ ಬರೆಯಬೇಕು ಎಂದರು. ಗೌರಕ್ಕ ಎದ್ದು ಗಾಜಿಗೆ ಹಣೆ ಹಚ್ಚಿ ನಿಂತಳು. ನಿನ್ನೆ ಹೊಟ್ಟೆ ತುಂಬ ಉಂಡದ್ದಕ್ಕೆ ಕಸ್ತೂರಿಗೆ ತನ್ನ ಮೇಲೇ ಅಸಹ್ಯವಾಯಿತು. ಅವನನ್ನು ತನ್ನ ಕೈಯಾರೆ ಕೊಂದೆನಲ್ಲ ಎಂದುಕೊಂಡಳು.

ಆಗ ಚೌಕದಲ್ಲಿ ಏನೋ ಅಲ್ಲಾಡಿತು. ಹೌದು ಎಂಬುದರ ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಅಂಕಿ ಮೂಡಿತು: 28. ಮಾತಲ್ಲದ್ದನ್ನು ಒಳದನಿ ಬೂದು ಬಣ್ಣದಲ್ಲಿ ತೋರಿಸುತ್ತಿತ್ತು, ಕಸವೆಂದು. ಅಂಕಿ ಅಳಿಯಿತು. ಕೊಂಚ ಹೊತ್ತಿಗೆ ಮತ್ತೆ ಬಂತು. 28. ಮತ್ತೆ.

ಹಿಂದಿನ ಎರಡು ಪರೀಕ್ಷೆಯಲ್ಲೂ ಈ ಅಂಕಿ ಹೊರಗೆ ಬರುವ ಮೊದಲೇ ಮುಂದಿನ ಪ್ರಶ್ನೆ ಬಂದು ಅದನ್ನು ಅಳಿಸಿ ಹಾಕಿತ್ತು. ಇಂದು ಪ್ರೋಗ್ರಾಮು ಕೆಟ್ಟು ನಿಂತದ್ದರಿಂದ ಅದಕ್ಕೆ ಬರಲು ಜಾಗ ಸಿಕ್ಕಿತು. ಕಸ್ತೂರಿಗೆ ಎದ್ದು ನಿಂತದ್ದೇ ಗೊತ್ತಾಗಲಿಲ್ಲ.

"ಮೇಡಂ, ಅದು ಕಸ ಅಲ್ರೀ. ಪ್ರೈವೇಟ್ ನಂಬರ್. ಇವರು ಮಾತು ಮುಗಿಸಿದ ಗುರುತದು. ನಾನು ತಿರುಗಿ ಹೇಳೂ ತನಕ ಕಾಯಾಕತ್ತಾರ."

ಅವಳು ರೈಲ್ವೆಯ ಪದ್ಧತಿಯನ್ನೂ ಹಾಲಿನ ಕತೆಯನ್ನೂ ತೊದಲುತ್ತ ಹೇಳಿದಳು. ಗುರುತು ಮೂಡುವ ತನಕ ಕಾಯುವುದಕ್ಕೆ ಮೊದಲೇ ಒಪ್ಪಿಗೆ ಇದೆಯೆಂದು ನಾಡಗೇರ ತಾನಾಗಿಯೇ ಮುಂದೆ ಬಂದು ಹೇಳಿದ. ಡಾಕ್ಟರ್ ಮುಧೋಳಮಠ ಅಂಕಿ ಇನ್ನೆರಡು ಸಲ ಅಳಿದು ಬರುವುದನ್ನು ನೋಡಿದರು. ಕೊನೆಗೆ ಮೈಕನ್ನು ಕಸ್ತೂರಿಯ ಕಡೆ ಸರಿಸಿದರು.

"ನಂಬರ್ ಅಷ್ಟ ಹೇಳ್ರಿ. ಅದನ್ನ ಬಿಟ್ಟು ಒಂದ ಶಬ್ದ ಬಂದ್ರೂ ಪರೀಕ್ಷೆ ರದ್ದಾಗತೈತಿ. ಹೆಸರು ಹಿಡಿದು ಕರಿಯೂದು ಬ್ಯಾಡ, ಅಳೂದೂ ಬ್ಯಾಡ."

ಕಸ್ತೂರಿ ಕಾಯುವ ಗುರುತನ್ನು ಬದಲಿಸಿದಳು: ಎರಡಂಕಿಯ ನಂಬರ್ ಮೂಡಬೇಕು, ಅದನ್ನು ತಿರುಗಿ ಹೇಳಬೇಕು, ಹೇಳಿದ ಮೇಲೆ ನಂಬರನ್ನು ಅಳಿಸಿ ಮುಂದಕ್ಕೆ ಹೋಗಬೇಕು. ಹಳೆಯ ಉತ್ತರ ಮಾತ್ರ ಹೊಸದು ಬರುವ ತನಕ ಚೌಕದಲ್ಲಿ ಉಳಿಯುತ್ತಿತ್ತು. ಆಮೇಲೆ ಮೈಕಿಗೆ ಬಾಯಿ ಕೊಟ್ಟಳು. ಎಷ್ಟೋ ತಿಂಗಳ ನಂತರ ಗಂಡನ ಮಾತಿಗೆ ಮಾರುತ್ತರವಾಗಿ ಆಡಿದ ಮೊದಲ ಮಾತು ಅದು.

"ಇಪ್ಪತ್ತೆಂಟು."

ನಾಡಿಯ ಗೆರೆ ಒಮ್ಮೆಲೇ ಜಿಗಿಯಿತು. ಹುಟ್ಟಿದ್ದು ಮೈಸೂರಿನಲ್ಲೇ? ಹಳೆಯ ಹೌದು ಕುಳಿತೇ ಇತ್ತು. ಎಲ್ಲರೂ ಕಾದರು. ಅಲ್ಲ, 61. ಅರವತ್ತೊಂದು ಎಂದಳು. ಬೆಂಕಿ ಸುಡುತ್ತದೆಯೇ? ಹೌದು, 14. ಹದಿನಾಲ್ಕು ಎಂದಳು. ಒಂದಾದ ಮೇಲೊಂದು ಸಾಲುಗಳು ಹಸಿರಾಗುತ್ತ ಬಂದವು. ಒಂದೂ ತಪ್ಪಿಲ್ಲ. ಬರೀ ನಂಬರುಗಳಲ್ಲೇ ಅವರಿಬ್ಬರೂ ಎದುರುಬದುರು ಕುಳಿತು ಹರಟಿದ ಹಾಗಾಯಿತು. ಗೌರಕ್ಕನ ಕಣ್ಣಲ್ಲಿ ನೀರು ಧಾರಾಕಾರ. ನೀವು ಕರ್ನಾಟಕದಲ್ಲಿದ್ದೀರಾ ಎಂಬ ಕೊನೆಯ ಪ್ರಶ್ನೆಗೂ ಹೌದು ಎಂಬ ಉತ್ತರ ನಂಬರಿನೊಡನೆ ಬಂತು. ಅರಿವು ಇದೆ ಎಂದು ಡಾಕ್ಟರ್ ಗಟ್ಟಿಯಾಗಿ ಹೇಳಿದರು.

ಆದರೆ ಪಟ್ಟಿ ಮುಗಿದಿರಲಿಲ್ಲ. ಅರಿವು ಇದ್ದವರಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕೆಂದು ಕಾನೂನಿತ್ತು. ಅದೇ ಪರದೆಯನ್ನು ಆಫೀಸಿನಲ್ಲಿ ಕಸ್ತೂರಿ ನೂರಾರು ಸಲ ಓಡಿಸಿದ್ದಳು. ನಕಲಿ ರೋಗಿಯ ಉತ್ತರ ಏನಾದರೆ ಏನು? ಇಂದು ಮಾತ್ರ ಅದನ್ನು ಅವಳು ಮೊದಲ ಸಲವೆಂಬಂತೆ ಓದಿದಳು.

ಈ ಯಂತ್ರ ನಿಮಗೆ ಉಸಿರು ಹಾಕುತ್ತಿದೆ. ಇದು ಮುಂದುವರಿಯಬೇಕೇ?

ಚೌಕದಲ್ಲಿ ಕಪ್ಪಾಗಿ, ದಪ್ಪಗೆ ಇತ್ತು: ಹೌದು.

ಗೌರಕ್ಕ ಎರಡೂ ಕೈ ಎತ್ತಿ ಮುಗಿದಳು. ನಾಡಗೇರ ಕುರ್ಚಿಗೆ ಒರಗಿ, ಹೌದೆಂದರಲ್ಲ, ಮುಗೀತು ಎಂದ. ಡಾಕ್ಟರ್ ನಗುತ್ತ ಸಹಿ ಹಾಕಲು ಪೆನ್ನು ತೆಗೆದರು. ಇಡೀ ಕೋಣೆಯಲ್ಲಿ ಕಸ್ತೂರಿ ಒಬ್ಬಳಿಗೇ ಗೊತ್ತಿತ್ತು: ಆ ಹೌದು ಈ ಪ್ರಶ್ನೆಯದಲ್ಲ. ಅದು ಕರ್ನಾಟಕದ ಹೌದು. ಪಕ್ಕದಲ್ಲಿ ನಂಬರಿರಲಿಲ್ಲ, ಸಂಭ್ರಮದಲ್ಲಿ ಅದನ್ನು ಬೇರೆ ಯಾರೂ ಗಮನಿಸಿರಲಿಲ್ಲ.

ಸುಮ್ಮನಿದ್ದರೆ ಸಾಕಿತ್ತು. ಡಾಕ್ಟರ ಸಹಿ ಬಿದ್ದರೆ ಅವನು ಉಳಿಯುತ್ತಿದ್ದ. ವರ್ಷಗಟ್ಟಲೆ ಉಳಿಯುತ್ತಿದ್ದ, ದಿನಾ ಬಂದು ನಂಬರ್ ಹೇಳಬಹುದಿತ್ತು, ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಬೇಕು, ನನಗೆ ಇವರು ಬೇಕು ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಅದರ ಜೊತೆಗೇ, ಎರಡು ಪರೀಕ್ಷೆಯ ತುಂಬ ಕೇಳುವವರಿಲ್ಲದೆ ಉತ್ತರ ಕೊಡುತ್ತ ಮಲಗಿದ್ದವನ ನೆನಪು ಬಂತು. ಇನ್ನೊಮ್ಮೆ, ಅದೂ ತಾನೇ ಅವನ ಮಾತು ಮುಗಿಯುವ ಮೊದಲು ಎದ್ದು ಹೋಗುವುದೇ?

"ನಿಲ್ರಿ," ಎಂದಳು. "ನಂಬರ್ ಬಂದಿಲ್ಲ."

ಡಾಕ್ಟರ ಪೆನ್ನು ನಿಂತಿತು. ಗೌರಕ್ಕ ತಿರುಗಿ ನೋಡಿದ ನೋಟವನ್ನು ಕಸ್ತೂರಿ ಆಮೇಲೆ ಎಂದೂ ಮರೆಯಲಿಲ್ಲ. ಉಸಿರುಯಂತ್ರ ಏರುತ್ತಿತ್ತು, ಇಳಿಯುತ್ತಿತ್ತು. ಹೌದು ಕುಳಿತೇ ಇತ್ತು. ನಂಬರ್ ಬರಲಿ, ಅದೇ ಹೌದಿನ ಪಕ್ಕಕ್ಕೆ ಬರಲಿ ಎಂದು ಅವಳು ತನಗೆ ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡಳು.

ಹೌದು ಅಳಿಸಿ ಹೋಯಿತು. ಅಕ್ಷರಗಳು ಒಂದೊಂದಾಗಿ ಕೂಡಿಕೊಂಡವು. ಬ್ಯಾಡ. ಆಮೇಲೆ ಇನ್ನೊಂದು ಮಾತು, ಬಹಳ ನಿಧಾನವಾಗಿ: ಸಾಕಾತು. ಅದರ ಪಕ್ಕದಲ್ಲಿ ಬೂದು ಅಂಕಿ ಮೂಡಿತು.

73.

ಗೌರಕ್ಕ ನೆಲಕ್ಕೆ ಕುಸಿದು ಕುಳಿತಳು. ತಿರುಗಿ ಹೇಳುವ ತನಕ ಈ ಉತ್ತರ ದಾಖಲಾಗುವುದಿಲ್ಲ ಎಂದು ನಾಡಗೇರ ಬಗ್ಗಿ ಪಿಸುಗುಟ್ಟಿದ. ಕಸ್ತೂರಿಗೆ ಅದು ಗೊತ್ತಿತ್ತು. ನಿಯಮ ಹಾಕಿದವಳು ಅವಳೇ. ಬಾಯಿ ಬಿಗಿಹಿಡಿದರೆ ಸಾಕು, ಗಾಡಿ ಕದಲುವುದಿಲ್ಲ. ಅಂಕಿ ಅಳಿಯಿತು, ಮತ್ತೆ ಬಂತು. 73. ಅವನು ಫೋನ್ ಇಡಲಿಲ್ಲ. ಮೊದಲಿನ ಹಾಗೇ ಗಳಿಗೆಗೊಮ್ಮೆ ಹೇಳುತ್ತ, ಅವಳಿಗಾಗಿ ಕಾಯುತ್ತ ಕುಳಿತ. ಖರ್ಚಾಗಿ ಹೋಗಿದೆ ಎಂದು ಇಷ್ಟು ವರ್ಷ ಮುಟ್ಟದೆ ಇಟ್ಟ ನಂಬರನ್ನು ತೆಗೆದು ಅವಳ ಕೈಗಿಟ್ಟಿದ್ದ.

ಹೇಳಬೇಕಾದ ಮಾತು ಬೇಕಾದಷ್ಟಿದ್ದವು. ನಂಬರ್ ಬಿಟ್ಟು ಒಂದು ಶಬ್ದಕ್ಕೂ ಅನುಮತಿ ಇರಲಿಲ್ಲ. ಕಸ್ತೂರಿ ಕಣ್ಣೊರೆಸಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಅಪ್ಪನ ಕೈಯಿಂದ ಫೋನ್ ಇಸಿದುಕೊಂಡ ಹುಡುಗಿಯ ಹಾಗೆ ಮೈಕಿನ ಹತ್ತಿರ ಬಾಗಿದಳು.

"ಎಪ್ಪತ್ಮೂರು."

ಪಟ್ಟಿಯ ಕೊನೆಯ ಸಾಲು ಹಸಿರಾಯಿತು.